ಹಲಸಿನ ಮರಕ್ಕೆ ಕಟ್ಟಿದ ಚಪ್ಪಲಿ

ನಾಚಿಕೆ ಎಂಬುದು ಇನ್ನೊಬ್ಬರಿಗೆ ಆಗಬೇಕಾದದ್ದು ಎಂದು ನಾನು ಬಹಳ ಕಾಲ ನಂಬಿದ್ದೆ. ನಂಬುವುದಕ್ಕೆ ಕಾರಣವೂ ಇತ್ತು. ನಾನು ಮಿಡ್ಲ್ ಸ್ಕೂಲಿನ ಮೇಷ್ಟ್ರು. ಲೆಕ್ಕ ತಪ್ಪಿದವನನ್ನು, ಉಗುರು ಬೆಳೆಸಿದವನನ್ನು, ಸ್ಲೇಟನ್ನು ಎಂಜಲಿನಲ್ಲಿ ಒರೆಸಿದವನನ್ನು ‘ನಾಚಿಕೆ ಆಗೋದಿಲ್ವೇನೋ ನಿನಗೆ?’ ಎಂದು ಕೇಳುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು ಎಂದರೂ ತಪ್ಪಿಲ್ಲ. ಈ ಪ್ರಶ್ನೆಯನ್ನು ದಿನಕ್ಕೆ ಹತ್ತು ಸಲ ಕೇಳಿ ನಾಲಿಗೆಗೆ ಎಷ್ಟು ರೂಢಿಯಾಗಿತ್ತೆಂದರೆ, ಕಡೆಗೊಂದು ದಿನ ಹಲಸಿನ ಮರವನ್ನೂ ಕೇಳಿಬಿಟ್ಟೆ. ಮರ ಉತ್ತರ ಕೊಡಲಿಲ್ಲ. ಉತ್ತರ ಪಕ್ಕದ ಮನೆಯಿಂದ ಬಂತು. ಆ ಸಂಗತಿಯನ್ನು ಹೇಳಿಕೊಳ್ಳಲು ಇವತ್ತಿಗೂ ಮುಖವೆತ್ತಲಾರೆನಾದ್ದರಿಂದ ತಲೆ ಬಗ್ಗಿಸಿಕೊಂಡು ಬರೆಯುತ್ತಿದ್ದೇನೆ. ಬರೆಯುವುದರಲ್ಲಿ ಅದೊಂದು ಅನುಕೂಲ.

ಚಾಮರಾಜನಗರದ ನಮ್ಮ ಹಿತ್ತಲಿಗೆ ಆ ಮರ ಬಂದದ್ದು ಗುಂಡ್ಲುಪೇಟೆಯಿಂದ. ಅದು ನಮ್ಮ ಮಾವನವರ ಊರು. ಅಲ್ಲಿಂದ ವೈನಾಡಿನ ಕಡೆಗೆ ಹೋಗಿಬರುವ ಗಾಡಿಯವರು ಕಾಲಕಾಲಕ್ಕೆ ಹಲಸಿನ ಹಣ್ಣು ತರುತ್ತಿದ್ದರು. ಒಂದು ವರ್ಷ ನಾವು ಹೋಗಿದ್ದಾಗ ಮಾವನವರು ಅಂಥದೊಂದನ್ನು ಕೊಯ್ಸಿದರು. ಹಸಿದು ಹಲಸು, ಉಂಡು ಮಾವು ಎಂದು ಹಿರಿಯರು ಹೇಳಿದ್ದಾರೆ. ನಾನು ಹಸಿದಾಗಲೂ ತಿಂದೆ, ಉಂಡ ಮೇಲೂ ತಿಂದೆ, ಓಮದ ನೀರು ಕುಡಿದು ಮತ್ತೆ ಎರಡು ತೊಳೆ ತಿಂದೆ. ಅಳಿಯನ ಭಕ್ತಿ ಕಂಡು ಮಾವನವರು ದಪ್ಪ ಬೀಜಗಳಲ್ಲಿ ಐದನ್ನು ಆರಿಸಿ, ನಾಲ್ಕನ್ನು ತಮ್ಮ ಹೊಲದ ಬದುವಿಗೆ ಇಟ್ಟುಕೊಂಡು ಒಂದನ್ನು ನನ್ನ ಕೈಗೆ ಹಾಕಿದರು. “ಮಗಳ್ನ ಕೊಟ್ಟಂಗೆ ಕೊಡ್ತಾ ಇವ್ನಿ ಅಳಿಯಂದ್ರೆ. ಚೆಂದಾಗಿ ನೋಡ್ಕಳಿ” ಎಂದರು. ಪಕ್ಕದಲ್ಲೇ ನಿಂತಿದ್ದ ಅವರ ಮಗಳು, ಅಂದರೆ ನನ್ನ ಹೆಂಡತಿ ರಾಜಮ್ಮ, ಆ ಮಾತಿಗೆ ಯಾಕೋ ಉಸಿರೆಳೆದುಕೊಂಡಳು.

ಚೆಂದಾಗಿ ನೋಡಿಕೊಳ್ಳುವುದರಲ್ಲಿ ನಾನು ಏನೂ ಕಡಿಮೆ ಮಾಡಲಿಲ್ಲ. ಪಾತಿ ಮಾಡಿದೆ, ಗೊಬ್ಬರ ಹಾಕಿದೆ, ಬಚ್ಚಲ ನೀರನ್ನು ಅದರ ಕಡೆಗೆ ತಿರುಗಿಸಿದೆ. ಗಿಡ ಮರವಾಗಿ ಬೊಡ್ಡೆ ದಪ್ಪವಾದ ಮೇಲೆ ಸರ್ಕಾರಿ ರಸ್ತೆಯ ಸಾಲುಮರಗಳಿಗೆ ಬಳಿದಂತೆ ಕೆಳಗೊಂದು ಪಟ್ಟೆ ಸುಣ್ಣ, ನಡುವೆ ಕೆಮ್ಮಣ್ಣು, ಮೇಲೊಂದು ಪಟ್ಟೆ ಸುಣ್ಣ ಬಳಿದೆ. ನನಗೆ ಚೊಕ್ಕಟ ಎಂದರೆ ಪ್ರಾಣ. ಮರದ ಬೊಡ್ಡೆಯಲ್ಲಿ ಅಲ್ಲಲ್ಲಿ ಗೇಣುದ್ದದ ಕುಡಿಗಳು ಸೊಟ್ಟಸೊಟ್ಟಗೆ ಹುಟ್ಟಿಕೊಳ್ಳುತ್ತಿದ್ದವು. ತಲೆ ಬಾಚದೆ ತರಗತಿಗೆ ಬಂದವರ ಹಾಗೆ ಅವು ಕಾಣುತ್ತಿದ್ದವು. ಪ್ರತಿ ಭಾನುವಾರ ಪೆನ್ಸಿಲ್ ಹೆರೆಯುವ ಚೂರಿಯಿಂದ ಅವನ್ನೆಲ್ಲ ನುಣ್ಣಗೆ ಸವರಿ, ಗಾಯಕ್ಕೆ ಸಗಣಿ ಮೆತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ ಸಂತೋಷಪಡುತ್ತಿದ್ದೆ. ಹಲಸು ಬೊಡ್ಡೆಯಲ್ಲಿ ಕಾಯಿ ಬಿಡುತ್ತದೆಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದರಿಂದಲೇ, ನೆಂಟರು ಬರುವ ಮುಂಚೆ ಜಗಲಿ ಗುಡಿಸಿಟ್ಟ ಹಾಗೆ, ಜಾಗವನ್ನು ಚೊಕ್ಕಟವಾಗಿ ಇಟ್ಟಿದ್ದೆ.

ನೆಂಟರು ಮಾತ್ರ ಬರಲಿಲ್ಲ. ಮಾವನವರ ಬದುವಿನ ನಾಲ್ಕು ಮರಗಳೂ ಒಂದರ ಹಿಂದೆ ಒಂದು ಕಾಯಿ ಬಿಟ್ಟವು. ಅವಕ್ಕೆ ಸುಣ್ಣವಿಲ್ಲ, ಕೆಮ್ಮಣ್ಣಿಲ್ಲ. ದನ ಮೈ ಉಜ್ಜಿಕೊಂಡು ಹೋಗುತ್ತಿದ್ದವು. ಮಂಡಿನೋವಿನಿಂದ ಮಾವನವರು ನಮ್ಮೂರಿಗೆ ಬರುತ್ತಿರಲಿಲ್ಲ, ಆದರೆ ಹಬ್ಬಕ್ಕೆ ನಾವು ಹೋದಾಗ ಎಲೆಯ ಮುಂದೆ ಕೂರಿಸಿ, ಮೊದಲ ತುತ್ತಿಗೇ, “ಬುಡ್ತಾ ಅಳಿಯಂದ್ರೆ?” ಎಂದು ಕೇಳುತ್ತಿದ್ದರು. ಮೈಸೂರು ರಾಜ್ಯ ದೊಡ್ಡದಾಯಿತು, ಕಾಸು ಹೋಗಿ ನಯಾಪೈಸೆ ಬಂತು, ನಮ್ಮ ಮರಕ್ಕೆ ಎಂಟು ವರ್ಷ ತುಂಬಿತು. ಮಾವನವರ ಪ್ರಶ್ನೆಯೂ ಬದಲಾಗಲಿಲ್ಲ, ನನ್ನ ಉತ್ತರವೂ ಬದಲಾಗಲಿಲ್ಲ.

ರಾಜಮ್ಮನಿಗೆ ಕಾರಣ ಹೊಳೆದಿತ್ತು. ಹಿತ್ತಲಿನ ಮೋಟುಗೋಡೆಯ ಆಚೆ ಕೂಲಿ ಮಾಡುವ ಮಾದಪ್ಪ, ಅವನ ಹೆಂಡತಿ ಪುಟ್ಟತಾಯಮ್ಮ ಇದ್ದರು. ಆಕೆ ಕುದೇರಿನ ಕಡೆಯವಳು, ಕೆಲಸದಲ್ಲಿ ಗಟ್ಟಿಗಿತ್ತಿ, ಮಾತು ಕಡಿಮೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಿರಲಿಲ್ಲ. ನಾನು ಕುಡಿ ಸವರುವ ಹೊತ್ತಿಗೆ ಎಷ್ಟೋ ಸಲ ಆಕೆ ಗೋಡೆಯ ಹತ್ತಿರ ಬಂದು ಮರವನ್ನೇ ನೋಡುತ್ತ ನಿಂತು, ಏನೋ ಹೇಳಲು ಬಾಯಿ ತೆರೆದು, ಹಾಗೇ ಹೋಗಿಬಿಡುತ್ತಿದ್ದಳು. “ನೋಡುದ್ರಾ, ಕಣ್ಣು ಬಿದ್ದದೆ. ಎಲ್ಲಿಂದ ಕಾಯಿ ಬುಟ್ಟದು?” ಎಂದು ರಾಜಮ್ಮ ಪಿಸುಗುಟ್ಟಿದಳು. ಮರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ, ಕರಿಕಂಬಳಿಯ ದಾರ ಎಲ್ಲ ಬಂದವು, ಗೋಡೆಯ ಕಡೆಗೇ ಮುಖ ಮಾಡಿಕೊಂಡು. ನಾನು ಓದಿದವನು, ‘ಇದೆಲ್ಲ ಮೂಢನಂಬಿಕೆ ಕಣೆ’ ಎಂದೆ. ಎನ್ನುತ್ತಲೇ, ಅವಳು ಹಾಕಿದ ಗಂಟು ಸಡಿಲವಾಗಿದೆಯೆಂದು ಬಿಚ್ಚಿ, ಗಟ್ಟಿಯಾಗಿ ಹಾಕಿಕೊಟ್ಟೆ. ನನ್ನ ವಿದ್ಯೆ ಉಪಯೋಗಕ್ಕೆ ಬಂದದ್ದು ಅಷ್ಟಕ್ಕೆ.

ನಿಂಬೆಹಣ್ಣಿಗೂ ಮರ ಬಗ್ಗದಿದ್ದಾಗ ನಮ್ಮ ಡ್ರಿಲ್ ಮೇಷ್ಟ್ರು ನಂಜಪ್ಪನವರು ಕೇಸನ್ನು ಕೈಗೆ ತೆಗೆದುಕೊಂಡರು. ಅವರು ಸಂತೆಮರಹಳ್ಳಿಯಿಂದ ಬಸ್ಸಿನಲ್ಲಿ ಬಂದುಹೋಗುವವರು. “ಮರಕ್ಕೆ ನಾಚ್ಕೆ ಆಗ್ಬೇಕು ಕಣ್ರೀ. ಹಳೇ ಎಕ್ಕಡ, ಮೋಟು ಪರಕೆ ಕಟ್ಟಿ. ಮಾನಗೇಡಾಯ್ತದೆ ಅಂತ ತಾನೇ ಬಿಡ್ತದೆ” ಎಂದರು. ಕಟ್ಟಿದೆ. ಎಕ್ಕಡ ನನ್ನದೇ, ಹಿಮ್ಮಡಿಗೆ ಟೈರಿನ ತುಂಡು ಹೊಡೆಸಿದ್ದ ಜೋಡಿ. ಹಿತ್ತಲು ಓಣಿಗೆ ಕಾಣುತ್ತಿದ್ದುದರಿಂದ, ಆ ಟೈರಿನ ತುಂಡನ್ನು ನಿತ್ಯ ಶಾಲೆಯಲ್ಲಿ ನೋಡಿದ್ದವರೆಲ್ಲ ಗುರುತು ಹಿಡಿದರು. ‘ಮೇಷ್ಟ್ರ ಎಕ್ಕಡ ಮರ ಹತ್ತಿದೆ’ ಎಂದು ಊರೆಲ್ಲ ಆಯಿತು. ಮೂರು ತಿಂಗಳು ಮಾನ ಹೋದದ್ದು ನನ್ನದು, ಮರ ತಣ್ಣಗಿತ್ತು.

ಇನ್ನು ಉಳಿದದ್ದು ಕೊಡಲಿ. ಇದು ನಮ್ಮ ಕಡೆ ಹಳೆಯ ಪದ್ಧತಿ. ಫಲ ಬಿಡದ ಮರದ ಮುಂದೆ ಯಜಮಾನ ಕೊಡಲಿ ಎತ್ತಿ ‘ಕಡಿದು ಹಾಕ್ತೀನಿ’ ಎನ್ನಬೇಕು. ಇನ್ನೊಬ್ಬರು ಅಡ್ಡ ಬಂದು ‘ಬೇಡ, ಬರುವ ವರ್ಷ ಬಿಡುತ್ತದೆ’ ಎಂದು ಮರದ ಪರವಾಗಿ ಜಾಮೀನು ನಿಲ್ಲಬೇಕು. ಹೆದರಿ ಮರ ಬಿಡುತ್ತದೆ. ಜಾಮೀನಿಗೆ ನಂಜಪ್ಪನವರು ಒಪ್ಪಿದರು. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ ಎಂದರು.

ಬಸ್ಸು ಬರಲಿಲ್ಲ. ನಾನು ಪಂಚೆ ಎತ್ತಿ ಕಟ್ಟಿ, ಸಾಲ ತಂದ ಕೊಡಲಿ ಹಿಡಿದು ಬಹಳ ಹೊತ್ತು ಕಾದೆ. ಓಣಿಯಲ್ಲಿ ನಾಲ್ಕಾರು ಜನ ಸೇರಿದರು. ಕೊಡಲಿ ಹಿಡಿದವನು ಸುಮ್ಮನೆ ನಿಲ್ಲುವುದು ಚೆನ್ನಾಗಿ ಕಾಣುವುದಿಲ್ಲ. ಶುರು ಮಾಡಿದರೆ ಅಷ್ಟರಲ್ಲಿ ಅವರು ಬಂದಾರು ಎಂದು ಶುರು ಮಾಡಿದೆ. “ಎಂಟು ವರ್ಷ ಸಾಕಿದ್ದಕ್ಕೆ ಏನು ಕೊಟ್ಟೆ ನೀನು? ನಾಚಿಕೆ ಆಗೋದಿಲ್ವಾ ನಿನಗೆ?” ಎಂದೆ. ನಂಜಪ್ಪನವರಿಲ್ಲ. ಅಡ್ಡ ಬರುವವರಿಲ್ಲದೆ ನಿಲ್ಲಿಸುವಂತಿಲ್ಲ, ನಿಜವಾಗಿ ಕಡಿಯುವಂತೆಯೂ ಇಲ್ಲ. ಮಾತನ್ನೇ ಉದ್ದ ಮಾಡಬೇಕಾಯಿತು. ತರಗತಿಯ ಅಭ್ಯಾಸ, ಗಂಟಲು ತಾನಾಗಿ ಏರಿತು. “ಜೊತೆಗಾರರೆಲ್ಲ ಫಲ ಕಂಡರು, ನಿನಗೇನು ಬಂದಿದೆ ರೋಗ? ಫಲವಿಲ್ಲದ ಮೇಲೆ ನೀನು ಮನೆಯಲ್ಲಿ ಇದ್ದರೇನು, ಹೋದರೇನು?” ಎಂದು ಕೂಗಿದೆ.

ಗೋಡೆಯಾಚೆ ಅಷ್ಟು ಹೊತ್ತು ಕೇಳುತ್ತಿದ್ದ ಪೊರಕೆಯ ಸದ್ದು ನಿಂತುಹೋಯಿತು.

ಆಗ ನನಗೆ ಅರ್ಥವಾಯಿತು. ಎತ್ತಿದ ಕೊಡಲಿ ತಲೆಯ ಮೇಲೇ ಇತ್ತು. ಇಳಿಸಲೂ ಕೈ ಬರಲಿಲ್ಲ. ಮೋಟುಗೋಡೆಯ ಸಂದಿನಿಂದ ಪುಟ್ಟತಾಯಮ್ಮ ಈಚೆ ಬಂದಳು. ಅವಳ ಕಣ್ಣು ಕೆಂಪಗಾಗಿತ್ತು, ಆದರೆ ದನಿ ಗಟ್ಟಿಯಾಗಿತ್ತು.

“ಬ್ಯಾಡಿ ಮೇಷ್ಟ್ರೆ, ಕಡೀಬ್ಯಾಡಿ. ಅದ್ರುದ್ದು ತಪ್ಪಿಲ್ಲ.” ಮರದ ಹತ್ತಿರ ಹೋಗಿ, ಹಿಂದಿನ ಭಾನುವಾರ ನನ್ನ ಚೂರಿಗೆ ತಪ್ಪಿಸಿಕೊಂಡಿದ್ದ ಒಂದು ಕುಡಿಯನ್ನು ಬೆರಳಿನಲ್ಲಿ ಮುಟ್ಟಿದಳು. “ಅಲಸು ಮೈಯಲ್ಲಿ ಕಾಯಿ ಬುಡ್ತದೆ ಅಂತ ನಿಮ್ಗೂ ಗೊತ್ತು. ಬರೀ ತೊಗಟೇಲಿ ಬುಟ್ಟದಾ? ಮೊದ್ಲು ಈ ಕುಡಿ ಬರ್ಬೇಕು, ಆಮ್ಯಾಕೆ ಈ ಕುಡೀಲಿ ಕಾಯಿ ಕೂರ್ಬೇಕು. ಅದು ಪಾಪ ತಂದು ತಂದು ಇಡ್ತಾ ಅದೆ, ನೀವು ವಾರವಾರ ಕುಯ್ದು ಕುಯ್ದು ಎಸೀತಾ ಇದೀರಿ.”

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲಕ್ಕೆ ಚಪ್ಪಲಿಯನ್ನೂ ಕಟ್ಟಿದ್ದೆ. “ಮೊದಲೇ ಒಂದು ಮಾತು ಹೇಳಬಾರದಾಗಿತ್ತೇನಮ್ಮ?” ಎಂದೆ. ಕೇಳಬಾರದಿತ್ತು.

“ಏಳನ ಅಂತ ಎಷ್ಟು ಕಿತ ಗೋಡೆತಕೆ ಬಂದಿವ್ನಿ. ಬಂದಾಗೆಲ್ಲ ಅಮ್ಮಾವ್ರು ಮರಕ್ಕೆ ಏನಾರ ಒಂದು ಕಟ್ತಾ ಇದ್ರು. ಮಕ್ಳಿಲ್ದೋಳು ಫಲದ ಮಾತಾಡುದ್ರೆ ಚೆಂದಾಗಿರ್ತದಾ ಅಂತ ಸುಮ್ಕಾದೆ” ಎಂದಳು. ನನ್ನನ್ನು ನೋಡಲಿಲ್ಲ, ನಿಂಬೆಹಣ್ಣನ್ನು ನೋಡುತ್ತಿದ್ದಳು. ಅದರ ಗಂಟು ನನ್ನದೆಂದು ಅವಳಿಗೆ ಗೊತ್ತಿತ್ತೋ ಇಲ್ಲವೋ, ನನಗೆ ಗೊತ್ತಿತ್ತು. ಹನ್ನೆರಡು ವರ್ಷ ನಾವು ಬೀದಿಯವರೆಲ್ಲ ಆಕೆಯನ್ನೇ ಓರೆಗಣ್ಣಿನಿಂದ ನೋಡಿದ್ದೆವು. ಮಾದಪ್ಪನ ಕಡೆಗೆ ಒಬ್ಬರೂ ತಿರುಗಿ ನೋಡಿರಲಿಲ್ಲ. ಅದೂ ಆಗಲೇ ಹೊಳೆಯಿತು.

ಸರಿಯಾಗಿ ಆ ಹೊತ್ತಿಗೆ ಓಣಿಯ ತುದಿಯಿಂದ ನಂಜಪ್ಪನವರು, ಕೊಡೆ ಬೀಸುತ್ತ, ಪೆರೇಡಿನ ದನಿಯಲ್ಲಿ ಕೂಗಿಕೊಂಡು ಓಡಿಬಂದರು: “ಬೇಡಿ ಮೇಷ್ಟ್ರೇ! ಕಡೀಬೇಡಿ! ಬರೋ ವರ್ಷ ಬಿಡ್ತದೆ! ನಾನು ಹೊಣೆ!” ಯಾರೂ ನಗಲಿಲ್ಲ. ಪುಟ್ಟತಾಯಮ್ಮ ಸೆರಗು ಸಿಕ್ಕಿಸಿಕೊಂಡು ತನ್ನ ಮನೆಗೆ ಹೋದಳು.

ಮಧ್ಯಾಹ್ನ ರಾಜಮ್ಮ ಯಾರೂ ಹೇಳದೆ ನಿಂಬೆಹಣ್ಣು, ದಾರ ಎಲ್ಲ ಬಿಚ್ಚಿದಳು. ನಾನು ಚಪ್ಪಲಿ ಬಿಚ್ಚಿದೆ. ಇಬ್ಬರೂ ಒಟ್ಟಿಗೆ ನಾಚಿದ್ದು ಮದುವೆಯಾದ ಹೊಸದರಲ್ಲಿ ಬಿಟ್ಟರೆ ಅದೇ. ಗೋಡೆಯ ಹತ್ತಿರ ಹೋಗಿ ‘ತಪ್ಪಾಯಿತು ತಾಯಿ’ ಎನ್ನಬೇಕೆಂದು ನಾನು ನಾಲ್ಕು ಭಾನುವಾರ ಹೋದೆ. ಬಾಯಿ ತೆರೆದು, ಹಾಗೇ ಬಂದೆ. ಹಿಂದೆ ಅವಳು ನಿಲ್ಲುತ್ತಿದ್ದ ಜಾಗದ ಎದುರಿಗೇ ನಾನು ನಿಲ್ಲುತ್ತಿದ್ದೆ, ಗೋಡೆಯ ಈಚೆ.

ಚೂರಿಯನ್ನು ಪೆನ್ಸಿಲಿಗೆ ಮೀಸಲಿಟ್ಟೆ. ಮಾರನೆಯ ವರ್ಷವಲ್ಲ, ಅದರ ಮಾರನೆಯ ವರ್ಷ, ಬೊಡ್ಡೆ ತುಂಬ ಸೊಟ್ಟ ಕುಡಿಗಳು ಬೆಳೆದು ಏಳು ಕಾಯಿ ಕೂತವು. ಮೊದಲ ಹಣ್ಣನ್ನು ರಾಜಮ್ಮ ಗುಂಡ್ಲುಪೇಟೆಗೆ ಕಳಿಸಲಿಲ್ಲ. ಗೋಡೆಯಾಚೆಗೆ ಹೊತ್ತುಕೊಂಡು ಹೋಗಿ, “ನೀನೇ ಕುಯ್ಬೇಕು ಕಣಮ್ಮ, ನಿನ್ನ ಕೈಗುಣ” ಎಂದು ಕೂತುಬಿಟ್ಟಳು. ಇಬ್ಬರೂ ಕೈಗೆ ಎಣ್ಣೆ ಸವರಿಕೊಂಡು ತೊಳೆ ಬಿಡಿಸುತ್ತ ಸಂಜೆಯವರೆಗೂ ಮಾತಾಡಿದರು. ನನ್ನ ಹೆಸರು ಒಂದೆರಡು ಸಲ ಬಂತು. ಬಂದಾಗೆಲ್ಲ ನಗು ಕೇಳಿಸಿತು. ನಗುವುದಾದರೆ ಸದ್ಯ, ನಗಲಿ ಎಂದುಕೊಂಡೆ.

ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು. ಆದರೆ ಊರು ತನ್ನದೇ ತೀರ್ಮಾನಕ್ಕೆ ಬಂದಿತ್ತು: ಮರ ಬಿಟ್ಟದ್ದು ಮೇಷ್ಟ್ರ ಎಕ್ಕಡದಿಂದ. ನಂಜಪ್ಪನವರು ಸಂತೆಮರಹಳ್ಳಿಯ ಬಸ್ಸಿನಲ್ಲಿ ದಿನವೂ ಈ ಕಥೆ ಹೇಳುತ್ತಿದ್ದರು. ಮಾವನವರು “ಅಳಿಯಂದ್ರ ಕಾಲ್ಗುಣ” ಎಂದು ಎಲೆಯ ಮುಂದೆ ಹೊಗಳಿದರು. ನಾನು ನಿಜ ಹೇಳಬೇಕಾಗಿತ್ತು. ಹಲಸಿನ ತೊಳೆ ಬಾಯಲ್ಲಿತ್ತು, ಸುಮ್ಮನಿದ್ದೆ.

ಒಂದು ದಿನ ಕುದೇರಿನ ಕಡೆಯ ರೈತನೊಬ್ಬ ಹಿತ್ತಲ ಬಾಗಿಲಿಗೇ ಬಂದ. ಅವನ ಹಲಸೂ ಬಿಡುತ್ತಿರಲಿಲ್ಲ. “ತಮ್ಮ ಎಕ್ಕಡ ಒಂದು ಕಿತ ಕೊಟ್ರೆ ಕಟ್ಟಿ ತಂದ್ಕೊಡ್ತೀನಿ ಸ್ವಾಮಿ” ಎಂದು ಕೈಮುಗಿದ. ಗೋಡೆಯಾಚೆ ಪುಟ್ಟತಾಯಮ್ಮ ರಾಗಿ ಕೇರುತ್ತಿದ್ದಳು. ಈಗಲಾದರೂ ಹೇಳಿಬಿಡೋಣ ಎಂದು ಗಂಟಲು ಸರಿಮಾಡಿಕೊಂಡೆ. ಅವನು ಅಷ್ಟು ಭಕ್ತಿಯಿಂದ ನೋಡುತ್ತಿದ್ದ. ಒಳಗೆ ಹೋಗಿ ಟೈರಿನ ಜೋಡಿ ತಂದು ಅವನ ಕೈಗೆ ಕೊಟ್ಟೆ.

ಮೊರ ನಿಂತಿತು. “ಕೊಡಿ ಮೇಷ್ಟ್ರೆ, ಕೊಡಿ. ಕಟ್ಟಬೇಕಾದ್ದು ಮರಕ್ಕಲ್ಲ ಅಂತ್ಲೂ ಒಂದು ಮಾತು ಏಳಿ ಕೊಡಿ” ಎಂದಳು ಪುಟ್ಟತಾಯಮ್ಮ, ತಲೆ ಎತ್ತದೆ.

ರೈತನಿಗೆ ಕಿವಿ ಸ್ವಲ್ಪ ಮಂದ. “ಏನಂದ್ರು ಸ್ವಾಮಿ ಆಯಮ್ಮ?” ಎಂದು ಕೇಳಿದ.

“ಗಂಟು ಗಟ್ಟಿಯಾಗಿ ಹಾಕಬೇಕಂತೆ” ಎಂದೆ.