ಮಹಡಿಯ ಮೇಲಿನ ವಿಷಯಾಂತರ

ವಾಟ್ಸಾಪ್‌ನ ಸಾಹಿತ್ಯ ಗುಂಪುಗಳು ಯಾಕೆ ಹಾಳಾಗುತ್ತವೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಕಥೆಯ ಚರ್ಚೆ ಶುರುವಾದ ಕೂಡಲೇ ಒಬ್ಬರು ಗುಲಾಬಿ ಹೂವಿನ ಮೇಲೆ 'ಶುಭೋದಯ' ಬರೆದು ಕಳಿಸುತ್ತಾರೆ, ಇನ್ನೊಬ್ಬರು ಮಂಡಿನೋವಿಗೆ ಎಣ್ಣೆ ಹೇಳುತ್ತಾರೆ. ನನ್ನ ಗುಂಪಿನಲ್ಲಿ ಇದು ನಡೆಯಕೂಡದು! ಈ ಭಾನುವಾರವೂ ಚರ್ಚೆ ದಾರಿ ತಪ್ಪಿದರೆ ಗುಂಪನ್ನೇ ಮುಚ್ಚುತ್ತೇನೆ ಎಂದು ಅಡ್ಮಿನ್ ಆದ ನಾನು ಘೋಷಿಸಿಬಿಟ್ಟಿದ್ದೆ.

ಅಂದಿನ ವಿಷಯ ದೆವ್ವದ ಕಥೆಗಳು. ಸ್ವಂತ ಕಥೆ ತೂರಿಸುವುದು ಕಟ್ಟುನಿಟ್ಟಾಗಿ ನಿಷಿದ್ಧ. ನಮ್ಮಲ್ಲಿ ಓದುಗರೆಲ್ಲ ಬರಹಗಾರರೇ ನೋಡಿ, ಸಂದು ಸಿಕ್ಕರೆ ಸಾಕು.

ಮಧ್ಯಾಹ್ನ ಊಟ ಮುಗಿಸಿ, ಬನಶಂಕರಿಯ ನಮ್ಮ ಮನೆಯ ಕಿಟಕಿಗಳನ್ನು ಮುಚ್ಚಿ, ಫ್ಯಾನ್ ಜೋರು ಮಾಡಿ ಕುಳಿತೆ. ಹೆಂಡತಿ ಸುಮಿತ್ರಾ ಬಕೆಟ್ ಹಿಡಿದು ಹೋಗುತ್ತಾ ಏನೋ ಹೇಳಿದಳು. "ಹೂಂ" ಅಂದೆ. ಆಮೇಲೆ ಮಹಡಿಯ ಬಾಗಿಲು ಗಾಳಿಗೆ ದಡಾರನೆ ಬಡಿದುಕೊಳ್ಳತೊಡಗಿತು. ಚರ್ಚೆಗೆ ಭಂಗ! ಎದ್ದು ಹೋಗಿ ಚಿಲಕ ಜಡಿದು ಬಂದೆ.

ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿರುವ ಗದಗದ ಬಸವರಾಜ್ ಚರ್ಚೆ ಆರಂಭಿಸಿದರು. "ದೆವ್ವ ಕಾಣಬಾರದ್ರಿ ಸರ. ಬರೇ ಸಪ್ಪಳ ಕೇಳಬೇಕು."

ನನ್ನ ತಲೆಯ ಮೇಲೆ ಸಪ್ಪಳ ಕೇಳಿತು. ಯಾರೋ ಮಹಡಿಯ ಈ ತುದಿಯಿಂದ ಆ ತುದಿಗೆ ಓಡಿದರು. ನಿಂತರು. ಮತ್ತೆ ಓಡಿದರು.

ಅಷ್ಟರಲ್ಲಿ ಎದುರುಮನೆಯ ಸರೋಜಮ್ಮ ಗುಂಪಿನಲ್ಲಿ ಬರೆದರು: "ಸಾರ್, ನಿಮ್ಮ ಮಹಡಿ ಮೇಲೆ ಒಬ್ರು ಹೆಂಗಸು ಬರಿಗಾಲಲ್ಲಿ ಓಡಾಡ್ತಿದ್ದಾರೆ. ತಲೆ ಮೇಲೆ ಬಿಳಿ ಬಟ್ಟೆ. ಮುಖ ಕಾಣ್ತಿಲ್ಲ."

ತೂರಿಸಿಯೇಬಿಟ್ಟರು! ತಕ್ಷಣ ಅಳಿಸಿ, "ಸ್ವಂತ ಕಥೆ ಬೇಡ ಆಂಟಿ" ಎಂದು ಎಚ್ಚರಿಸಿದೆ.

"ಅಳಸಬ್ಯಾಡ್ರಿ ಸರ, ಭಾಳ ಛಲೋ ಐತಿ! ಮುಂದ ಏನಾತ್ರಿ ಅಕ್ಕಾರ?" ಎಂದರು ಬಸವರಾಜ್.

"ಕಥೆ ಅಲ್ಲ ಕಣ್ರೀ! ಈಗ ಬಾಗಿಲು ಬಡೀತಿದ್ದಾರೆ!"

ಅದನ್ನೂ ಅಳಿಸಿದೆ. ಮೇಲೆ ಬಾಗಿಲು ಬಡಿಯಿತು.

ಸರೋಜಮ್ಮ ಫೋನ್ ಮಾಡಿದರು. ಚರ್ಚೆಯ ವೇಳೆ ನಾನು ಕರೆ ಸ್ವೀಕರಿಸುವುದಿಲ್ಲ, ಕಟ್ ಮಾಡಿದೆ. ಆದರೂ ಎದ್ದು ಒಳಗೆ ನಡೆಯುತ್ತಾ "ಸುಮಿತ್ರಾ!" ಎಂದು ಕೂಗಿದೆ. ಅವಳ ಚಪ್ಪಲಿ ಹೊಸ್ತಿಲ ಬಳಿಯೇ ಇತ್ತು. ಹೊರಗೆ ಹೋಗಿಲ್ಲ, ಒಳಗೂ ಇಲ್ಲ! ಖಾಲಿ ಅಡುಗೆಮನೆಯ ಕಟ್ಟೆಯ ಮೇಲೆ ಅವಳ ಫೋನು ಗುರ್ ಗುರ್ ಎನ್ನುತ್ತಾ ತಾನಾಗಿಯೇ ಅಂಚಿನ ಕಡೆಗೆ ಸರಿಯುತ್ತಿತ್ತು. ಮುಟ್ಟುವ ಧೈರ್ಯ ಬರಲಿಲ್ಲ.

ಮೆಟ್ಟಿಲ ಮೇಲಿಂದ ಕ್ಷೀಣವಾದ ದನಿ ಬಂತು. "ರೀ... ರೀ..."

ಅಯ್ಯೋ ದೇವರೇ! ದೆವ್ವ ನನ್ನನ್ನು ಕಟ್ಟಿಕೊಂಡವಳ ಹಾಗೆ ಕರೆಯುತ್ತಿದೆ!

ನಿಯಮ ಗಿಯಮ ಎಲ್ಲ ಮರೆತು ಗುಂಪಿಗೇ ಬರೆದೆ: "ಮಿತ್ರರೇ, ನಮ್ಮ ಮನೆಯಲ್ಲಿ ಏನೋ ಇದೆ. ದಯವಿಟ್ಟು ಯಾರಾದರೂ ಬನ್ನಿ."

"ಸ್ವಂತ ಕಥಿ ಬ್ಯಾಡ ಅಂದವ್ರು ನೀವ ಅಲ್ಲೇನ್ರಿ ಸರ?" ಎಂದರು ಬಸವರಾಜ್. ಉಳಿದವರು ಅದಕ್ಕೆ ಹೆಬ್ಬೆರಳು ಎತ್ತಿದರು.

ಕೊನೆಗೆ ಸರೋಜಮ್ಮನೇ ಬಂದು ಬೆಲ್ ಒತ್ತಿದರು. "ಏನ್ ಸಾರ್ ನೀವು! ಮೆಸೇಜ್ ಹಾಕಿದ್ರೆ ಅಳಿಸ್ತೀರಾ, ಫೋನ್ ಮಾಡಿದ್ರೆ ಕಟ್ ಮಾಡ್ತೀರಾ. ನಿಮ್ಮನೆಯವ್ರಿಗೆ ಮಾಡಿದ್ರೆ ಅವ್ರೂ ಎತ್ತಲ್ಲ!" ಎನ್ನುತ್ತಾ ಮೆಟ್ಟಿಲು ಹತ್ತಿದರು. ನಾನು ಅವರ ಬೆನ್ನ ಹಿಂದೆ ಅಡಗಿಕೊಂಡು ಹತ್ತಿದೆ. ಚಿಲಕ ತೆಗೆದರೆ ಬಿಳಿ ಬಟ್ಟೆ ಹೊದ್ದ ಆಕೃತಿ! ಕಿಟಾರನೆ ಕಿರುಚಿಕೊಂಡೆ.

ಆಕೃತಿ ಬಟ್ಟೆ ಸರಿಸಿತು. ಬಟ್ಟೆ ನನ್ನದೇ ಪಂಚೆ. ಒಗೆದದ್ದನ್ನು ಒಣಹಾಕಲು ಹೋಗಿದ್ದ ಸುಮಿತ್ರಾಳ ಮುಖ ಕೆಂಡದಂತಾಗಿತ್ತು, ಅಂಗಾಲು ಸುಟ್ಟು ನಿಲ್ಲಲಾಗುತ್ತಿರಲಿಲ್ಲ. ಕೆಳಗೆ ಕರೆತಂದು ಬಕೆಟ್‌ನಲ್ಲಿ ತಣ್ಣೀರು ತುಂಬಿಸಿಟ್ಟೆ.

ಅವಳು ಬಯ್ಯಲಿಲ್ಲ. ಬಕೆಟ್ ನೀರಿನಲ್ಲಿ ಕಾಲಿಟ್ಟು ಕುಳಿತು, ರೆಪ್ಪೆ ಬಡಿಯದೆ ನನ್ನನ್ನೇ ನೋಡುತ್ತಾ, ತಣ್ಣಗೆ ಕೇಳಿದಳು:

"ಚಿಲಕ ಯಾಕೆ ಹಾಕಿದ್ರಿ?"

"ಈ ವರ್ಷ ಬಿಸಿಲು ಜಾಸ್ತಿ ಅಲ್ವಾ?"

"ಚಿಲಕ ಯಾಕೆ ಹಾಕಿದ್ರಿ?"

"ಕಾಫಿ ಮಾಡ್ಲಾ?"

ಕತ್ತಲಾಗುವವರೆಗೂ ದನಿ ಎತ್ತದೆ ಅದೊಂದನ್ನೇ ಕೇಳಿದಳು. ನಾನು ಮೆಟ್ರೊ, ಮಾವಿನಹಣ್ಣಿನ ರೇಟು, ಅವಳ ತಮ್ಮನ ಆರೋಗ್ಯ, ಕೊನೆಗೆ ಮಂಡಿನೋವಿನ ಎಣ್ಣೆಯ ಬಗ್ಗೆ ಕೂಡ ಮಾತಾಡಿದೆ. ವಿಷಯಕ್ಕೆ ಮಾತ್ರ ಬರಲಿಲ್ಲ!