ಸಾಹೇಬರ ಉಪವಾಸ

ಮೀನು ಸಾಕುವುದರಲ್ಲಿ ಕಷ್ಟವೇನಿದೆ? ಅದು ಬೊಗಳುವುದಿಲ್ಲ, ಪರಚುವುದಿಲ್ಲ, ಬೆಳಗಾಗುವ ಮೊದಲೇ ತಿರುಗಾಡಿಸಿಕೊಂಡು ಬಾ ಎಂದು ಬಾಗಿಲು ಕೆರೆಯುವುದಿಲ್ಲ. ಮೇಲಾಗಿ ನಾನು ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವನು. ಈಗ ನಾಸಿಕ್‌ನ ಔಷಧ ಕಂಪನಿಯೊಂದರಲ್ಲಿ ಬಾಟಲಿಗಳ ಮೇಲೆ ಲೇಬಲ್ ಸರಿಯಾಗಿ ಅಂಟಿದೆಯೇ ಎಂದು ನೋಡುತ್ತೇನೆ, ಅದು ಬೇರೆ ಮಾತು. ವಿಶ್ವವಿದ್ಯಾಲಯದಲ್ಲಿ ನಾನು ಕಂಡ ಮೀನುಗಳೆಲ್ಲ ಫಾರ್ಮಲಿನ್‌ನಲ್ಲಿ ಮುಳುಗಿದ್ದವು ಎಂಬುದು ಇನ್ನೂ ಬೇರೆ ಮಾತು. ಅವುಗಳಲ್ಲಿ ಒಂದೂ ನನ್ನ ಕೈಯಲ್ಲಿ ಸತ್ತಿರಲಿಲ್ಲ.

ಮುಂದಿನದನ್ನು ನೆನಪಿನಿಂದ ಬರೆಯುತ್ತಿದ್ದೇನೆ. ನನ್ನ ನೆನಪಿಗೆ ನನ್ನ ಪರ ವಕಾಲತ್ತು ವಹಿಸುವ ಚಟವಿದೆ. ಹಾಗಾಗಿ ಹೆಂಡತಿ ಸುನಂದಾಳನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದೇನೆ. ಅವಳು ಶೇಂಗಾ ಸುಲಿಯುತ್ತ, ಓದಿ ಹೇಳಿದಾಗ ನಡುನಡುವೆ "ಸುಳ್ಳು" ಎನ್ನುತ್ತಾಳೆ. ಆ ಜಾಗಗಳನ್ನು ತಿದ್ದಿದ್ದೇನೆ.

ಸುನಂದಾಳ ತಂದೆ, ಅಂದರೆ ನಮ್ಮ ಮಾವ, ಮನ್ಮಾಡ್ ಜಂಕ್ಷನ್ನಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು, ಈಗ ಸಂಭಾಜಿನಗರದಲ್ಲಿದ್ದಾರೆ. ನೌಕರಿಯುದ್ದಕ್ಕೂ ಸಾಹೇಬರ ಮುಂದೆ ಫೈಲು ಹಿಡಿದು ನಿಂತ ಅವರು, ನಿವೃತ್ತಿಯ ನಂತರ ಒಬ್ಬ ಸಾಹೇಬನನ್ನು ಗಾಜಿನೊಳಗೆ ಕೂಡಿಹಾಕಿದರು. ದುಂಡು ಹೊಟ್ಟೆಯ ಕಿತ್ತಳೆ ಬಣ್ಣದ ಗೋಲ್ಡ್‌ಫಿಶ್. ಹೆಸರೇ ಸಾಹೇಬ. ಮಾವ ಕಣ್ಣಿನ ಪೊರೆ ತೆಗೆಸಿಕೊಳ್ಳಲು ಕಲಬುರಗಿಗೆ, ದೊಡ್ಡ ಮಗಳ ಮನೆಗೆ ಹೊರಟಾಗ ಪ್ರಶ್ನೆ ಎದ್ದಿತು: ಸಾಹೇಬನನ್ನು ಯಾರು ನೋಡಿಕೊಳ್ಳಬೇಕು?

"ನಾನಿದೀನಲ್ಲ ಮಾವಾರ," ಎಂದೆ. ಯಾರೂ ನನ್ನನ್ನು ಕೇಳಿರಲಿಲ್ಲ.

ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮದುವೆಯ ಮಾತುಕತೆಯ ದಿನವೂ ಹೀಗೇ ನೋಡಿದ್ದರು. "ಅಳಿಯಂದ್ರ, ಮಗಳನ್ನ ಕೊಡುವಾಗ ಇಷ್ಟು ವಿಚಾರ ಮಾಡಿರಲಿಲ್ರಿ," ಎಂದು ನಿಟ್ಟುಸಿರು ಬಿಟ್ಟು ಒಪ್ಪಿದರು. ಆ ಕ್ಷಣದಿಂದ ನನ್ನ ಮಾನ ಆ ಮೀನಿನ ಉಸಿರಿಗೆ ಗಂಟುಬಿತ್ತು.

ಟ್ಯಾಂಕನ್ನು ಹಳೆಯ ಕೌದಿಯಲ್ಲಿ ಸುತ್ತಿ, ಸಾಹೇಬನನ್ನು ಮುಚ್ಚಳದ ಬಕೆಟ್ಟಿನಲ್ಲಿ ಕೂರಿಸಿ, ನಾಸಿಕ್ ಬಸ್ಸು ಹತ್ತಿದೆ. ವೈಜಾಪುರ ದಾಟಿದ ಮೇಲೆ ಪಕ್ಕದ ಅಜ್ಜಿ ಬಕೆಟ್ಟಿನೊಳಗೆ ಇಣುಕಿ, ಇದನ್ನು ಸಾರಿಗೆ ಹಾಕುವುದೋ ಹುರಿಯುವುದೋ ಎಂದು ಮರಾಠಿಯಲ್ಲಿ ಕೇಳಿದರು. ಇದು ನಮ್ಮ ಮಾವನದು ಎಂದೆ. ಅಜ್ಜಿ ನನ್ನ ಹಣೆಯ ವಿಭೂತಿಯನ್ನೊಮ್ಮೆ, ಬಕೆಟ್ಟನ್ನೊಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು.

ಮನೆಯಲ್ಲಿ ಅವ್ವ ಬಾಗಿಲಿಗೇ ತಡೆದಳು. "ಶಿವ್ಯಾ, ನಮ್ಮ ಮನ್ಯಾಗ ತತ್ತಿ ಸೈತ ಕಾಲಿಟ್ಟಿಲ್ಲ. ನೀ ಮೀನ ತಂದಿ?"

"ತಿನ್ನಾಕಲ್ಲವ್ವ. ಬೀಗರದು. ನಾಕು ದಿನ ಇದ್ದು ಹೋಗ್ತದ."

ಬೀಗರ ಕಡೆಯವರು ಎಂದ ಮೇಲೆ ಮುಗಿಯಿತು. ಅವ್ವನ ದೃಷ್ಟಿಯಲ್ಲಿ ಮೀನು ಈಗ ಪ್ರಾಣಿಯಲ್ಲ, ಅತಿಥಿ. ಆದರೆ ಮಾವ ಕೊಟ್ಟಿದ್ದ ಮೀನಿನ ಆಹಾರದ ಪೊಟ್ಟಣವನ್ನು ಹಿಡಿದು, "ಇದರಾಗೇನದ?" ಎಂದಳು. ಲೇಬಲ್ ಓದುವುದು ನನ್ನ ಕಸುಬು. ಗಟ್ಟಿಯಾಗಿ ಓದಿದೆ: ಒಣ ಸಿಗಡಿ ಪುಡಿ. ಪೊಟ್ಟಣ ಸ್ಕೂಟರಿನ ಡಿಕ್ಕಿಗೆ ಗಡೀಪಾರಾಯಿತು. ಸಾಹೇಬ ಅಂದೇ ಸಸ್ಯಾಹಾರಿಯಾದ.

ನಮ್ಮ ಬೀದರ ಕಡೆ ಅತಿಥಿ "ಸಾಕು" ಎಂದರೆ ಅದನ್ನು ಯಾರೂ ಊಟದ ಮುಕ್ತಾಯವೆಂದು ತಿಳಿಯುವುದಿಲ್ಲ. ಅದು ಎರಡನೆಯ ಸುತ್ತಿನ ಆರಂಭ. ಇನ್ನು "ಸಾಕು" ಎನ್ನಲು ಬಾರದ ಅತಿಥಿ ಸಿಕ್ಕರೆ? ಸಾಹೇಬ ಮೀನಿನ ಸ್ವಭಾವದಂತೆ ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ, ಮತ್ತೆ ತೆರೆಯುತ್ತಿದ್ದ.

"ನೋಡು, ಬೇಡಾಕತ್ತದ ಪಾಪ," ಎನ್ನುತ್ತ ಅವ್ವ ಜೋಳದ ರೊಟ್ಟಿ ಮುರಿದು ಹಾಕುತ್ತಿದ್ದಳು. ಸುನಂದಾ ಚಪಾತಿಯ ಚೂರು ಹಾಕುತ್ತಿದ್ದಳು. (ಇಲ್ಲಿ "ಸುಳ್ಳು" ಎಂಬ ದನಿ ಕೇಳಿಬಂತು. ಚಪಾತಿ ಹಾಕಿದ್ದು ನಾನಂತೆ. ಇರಬಹುದು.) ಎದುರುಮನೆಯ ಶಾಲಿನಿ ಕಾಕು ಪಾಹುಣ್ಯಾನನ್ನು, ಅಂದರೆ ಮನೆಗೆ ಬಂದ ಅತಿಥಿಯನ್ನು, ನೋಡಲು ಬರಿಗೈಯಲ್ಲಿ ಬರುವುದು ಹೇಗೆಂದು ಅವಲಕ್ಕಿ ತಂದರು. ವಾರ ಕಳೆಯುವುದರೊಳಗೆ ಟ್ಯಾಂಕಿನಲ್ಲಿದ್ದದ್ದು ನೀರಲ್ಲ, ಅಂಬಲಿ. ಚೂರು ಮಜ್ಜಿಗೆ, ಉಪ್ಪು ಬಿದ್ದರೆ ಕುಡಿಯಬಹುದಿತ್ತು.

ಕುಡಿದೆ ಕೂಡ. ನೀರು ಬದಲಿಸಲು ಕೊಳವೆಯ ಒಂದು ತುದಿಯನ್ನು ಟ್ಯಾಂಕಿನಲ್ಲಿಟ್ಟು ಇನ್ನೊಂದನ್ನು ಬಾಯಿಯಿಂದ ಎಳೆದೆ. ವಾಯುಭಾರದ ತತ್ವ ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿಂದ ಕೊಳವೆಯನ್ನು ಯಾವಾಗ ತೆಗೆಯಬೇಕೆಂಬುದು ಗೊತ್ತಿರಲಿಲ್ಲ. ಅವ್ವ ಆ ಸಂಜೆ ನನ್ನನ್ನು ದೇವರ ಕೋಣೆಗೆ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಸಾಹೇಬ ತಲೆಕೆಳಗಾಗಿದ್ದ. ಸತ್ತಿರಲಿಲ್ಲ. ಹೊಟ್ಟೆ ಮೇಲೆ, ಬೆನ್ನು ಕೆಳಗೆ, ಕಣ್ಣು ತೆರೆದೇ ಇತ್ತು. ಮದುವೆಯೂಟ ಉಂಡು ಜಮಖಾನೆಯ ಮೇಲೆ ಉರುಳಿದ ಹಿರಿಯರ ಹಾಗೆ ತೇಲುತ್ತಿದ್ದ. ಸರಿಯಾಗಿ ಆಗಲೇ ಮಾವನ ಫೋನು.

"ಆಪರೇಷನ್ ಚೊಲೋ ಆತ್ರಿ. ಸಾಹೇಬ ಹ್ಯಾಂಗದಾನ? ಒಂದು ಫೋಟೊ ಕಳಸ್ರಿ, ಹೊಸಾ ಕಣ್ಣಿಲೆ ನೋಡ್ತೀನಿ."

ಇಲ್ಲಿ ನನ್ನ ವಿದ್ಯೆ ನೆರವಿಗೆ ಬಂತು. ತಲೆಕೆಳಗಾದ ಮೀನಿನ ಫೋಟೊ ತೆಗೆದು, ಫೋಟೊವನ್ನೇ ತಲೆಕೆಳಗು ಮಾಡಿದೆ. ಮೀನು ನೆಟ್ಟಗಾಯಿತು! ಕಳಿಸಿ, ಚಹಾಕ್ಕೆ ಕೂತೆ. ಚಹಾ ಮುಗಿಯುವ ಮೊದಲೇ ಮತ್ತೆ ಫೋನು.

"ಸಾಹೇಬ ಚೊಲೋ ಅದಾನ. ಆದ್ರ ಟ್ಯಾಂಕಿನ ತಳದ ಹರಳು ಮ್ಯಾಲ ಹ್ಯಾಂಗ ನಿಂತಾವ್ರಿ, ಅಳಿಯಂದ್ರ?"

ನಾನು ಏನು ಹೇಳಿದೆ ಎಂಬುದರ ಬಗ್ಗೆ ನನ್ನ ನೆನಪು ಮೌನವಾಗಿದೆ. ಸುನಂದಾಳ ನೆನಪು ಮೌನವಾಗಿಲ್ಲ. ನಾನು ಹೇಳಿದ್ದು ಇದಂತೆ: "ಪೊರೆ ತೆಗೆದ ಮ್ಯಾಲ ನಾಕು ದಿನ ಹಂಗ ಕಾಣ್ತದ್ರಿ, ಮಾವಾರ."

ಮಾವ ಅಂಜಿ ಅಂದೇ ಕಣ್ಣಿನ ಡಾಕ್ಟರ ಬಳಿಗೆ ಓಡಿದರು. ಡಾಕ್ಟರು ದೀಪ ಹಾಕಿ ನೋಡಿ, ಕಣ್ಣು ಹರಳಿನಂತಿದೆ, ಫೋಟೊ ತೋರಿಸಿ ಎಂದರಂತೆ. ತೋರಿಸಿದರು. ಡಾಕ್ಟರಿಗೂ ಹರಳು ಮೇಲೇ ಕಂಡವು. ಸಂಜೆ ಮಾವನ ದನಿ ಶಾಂತವಾಗಿತ್ತು. ಶಾಂತವಾಗಿದ್ದಾಗಲೇ ಅವರಿಗೆ ಹೆದರಬೇಕು. "ಸಂಭಾಜಿನಗರಕ್ಕ ಹೋಗೂದಿಲ್ರಿ. ಸೀದಾ ನಾಸಿಕ್ಕಿಗೇ ಬರ್ತೀನಿ, ಬರೂ ಐತವಾರ. ಖುದ್ದ ನೋಡ್ತೀನಿ."

ನಾನು ಫೋನಿನಲ್ಲಿ ಹಿಂದಿ ವಿಡಿಯೊ ಹುಡುಕಿದೆ. ಅದರಲ್ಲಿದ್ದವನು ಅತ್ಯಂತ ಪ್ರಸನ್ನವಾಗಿ ಹೇಳಿದ: ಹೊಟ್ಟೆ ಬಿರಿಯೆ ತಿಂದ ಮೀನು ಹೀಗೆ ಮಗುಚುತ್ತದೆ. ಚಿಕಿತ್ಸೆ ಸರಳ. ನೀರು ಚೊಕ್ಕಟವಿರಲಿ, ದೀಪ ಆರಿಸಿ, ಕೆಲವು ದಿನ ಉಪವಾಸ ಕೆಡವಿ.

ಮನೆಯವರನ್ನೆಲ್ಲ ಸೇರಿಸಿ ಘೋಷಿಸಿದೆ: "ಇವತ್ತಿಂದ ಸಾಹೇಬಂದು ಉಪವಾಸ."

ಹೇಳಬಾರದಿತ್ತು. ಅದು ಶ್ರಾವಣ. ನಾಸಿಕ್‌ನಲ್ಲಿ ಶ್ರಾವಣದ ಉಪವಾಸವೆಂದರೆ ಒಲೆಗೆ ಬಿಡುವಿಲ್ಲದ ದಿನ. ಸುದ್ದಿ ಕೇಳಿದ ಶಾಲಿನಿ ಕಾಕು ಮಧ್ಯಾಹ್ನಕ್ಕೆ ತುಪ್ಪ ಹನಿಯುವ ಸಾಬೂದಾನಿ ಖಿಚಡಿ ಹಿಡಿದು ಬಂದರು. "ಉಪವಾಸಾಲಾ ಚಾಲತೇ ಹೋ," ಉಪವಾಸಕ್ಕೆ ನಡೆಯುತ್ತದೆ ಎಂದು ಧೈರ್ಯ ಹೇಳಿ, ನೇರ ಟ್ಯಾಂಕಿನ ಕಡೆ ನಡೆದರು. ನಾನು ಅಡ್ಡ ನಿಂತೆ.

"ಅವ್ವ, ಉಪವಾಸ ಅಂದ್ರ ಏನೂ ಹಾಕಬಾರದು."

"ಏನೂ ಇಲ್ಲದ ಉಪವಾಸ ಎಲ್ಲ್ಯಾರ ಇರ್ತದೇನು? ಬಾಳಿಹಣ್ಣು ನಡೀತದ," ಎಂದಳು ಅವ್ವ. ಅವಳ ಕೈಯಲ್ಲಿ ಆಗಲೇ ಸುಲಿದ ಹಣ್ಣಿತ್ತು.

ಆಗ ನಾನು ನನ್ನ ಬದುಕಿನ ಅತ್ಯಂತ ಬುದ್ಧಿವಂತ ತೀರ್ಮಾನ ಮಾಡಿದೆ. ಪ್ರಾಣಿಶಾಸ್ತ್ರದ ಪ್ರಕಾರ ಕಾಯಿಲೆಯ ಮೀನಿಗೆ ಒಬ್ಬನೇ ವ್ಯಕ್ತಿ ಉಣಿಸಬೇಕು, ಆ ವ್ಯಕ್ತಿ ನಾನು, ಎಂದು ಗಂಭೀರವಾಗಿ ಸಾರಿ, ಟ್ಯಾಂಕಿನ ಸುತ್ತ ಅವ್ವನ ಹಳೆಯ ಸೀರೆಯ ಪರದೆ ಕಟ್ಟಿದೆ. ಯಾರು ಏನು ತಂದರೂ ವಿನಯದಿಂದ ಇಸಿದುಕೊಂಡು ಪರದೆಯ ಹಿಂದೆ ಹೋಗುತ್ತಿದ್ದೆ. ಹೊರಗಿನಿಂದ ಅವ್ವ ಕೇಳುತ್ತಿದ್ದಳು, "ತಿಂತೇನು?"

"ತಿನ್ನಾಕತ್ತದವ್ವ," ಎನ್ನುತ್ತಿದ್ದೆ, ಬಾಯಿತುಂಬ ಖಿಚಡಿಯೊಂದಿಗೆ.

ತಟ್ಟೆ ಖಾಲಿಯಾಗಿ ಹೊರಬರುವುದನ್ನು ಕಂಡು ಅವರ ಉತ್ಸಾಹ ಇಮ್ಮಡಿಯಾಯಿತು. ಗೆಣಸಿನ ಹಲ್ವ ಬಂತು. ಶೇಂಗಾ ಉಂಡಿ ಬಂತು. ಆಲೂಗಡ್ಡೆ ಚಿವಡಾ ಬಂತು. ಕಾಕುವಿನ ಮೈದುನನ ಮನೆಯಿಂದ ರಾಜಗಿರಿ ಲಾಡು ಬಂತು. ಇಷ್ಟು ಸಣ್ಣ ಮೀನು ಇಷ್ಟೆಲ್ಲ ಎಲ್ಲಿಡುತ್ತದೆ ಎಂದು ಒಬ್ಬರಿಗೂ ಅನುಮಾನ ಬರಲಿಲ್ಲ. ಒತ್ತಾಯ ಮಾಡುವ ಜನಕ್ಕೆ ಲೆಕ್ಕ ಗೊತ್ತಿರುವುದಿಲ್ಲ. ಪರದೆಯೊಳಗೆ ನಾವಿಬ್ಬರೇ: ನಾನು ತಿನ್ನುತ್ತಿದ್ದೆ, ಸಾಹೇಬ ತಲೆಕೆಳಗಾಗಿ ನೋಡುತ್ತಿದ್ದ.

ಶನಿವಾರ ಸಂಜೆ ಲಾಡು ಬಾಯಿಗಿಡುತ್ತಿದ್ದಾಗ ಅವನು ಒಂದು ಪಕ್ಕಕ್ಕೆ ವಾಲಿದ. ಇನ್ನೊಮ್ಮೆ ಒದ್ದಾಡಿದ. ಆಮೇಲೆ, ಮನ್ಮಾಡ್ ಸ್ಟೇಷನ್ನಿಗೆ ಯಾರೋ ದೊಡ್ಡ ಅಧಿಕಾರಿ ಬಂದಂತೆ, ನೆಟ್ಟಗೆ, ಠೀವಿಯಿಂದ, ಟ್ಯಾಂಕಿನ ಈ ತುದಿಯಿಂದ ಆ ತುದಿಗೆ ಹೋದ. ನಾನು ಕುಣಿದೆ. ಕುಣಿದ ರಭಸಕ್ಕೆ ಪ್ಯಾಂಟಿನ ಗುಂಡಿ ಹಾರಿ ನೀರಿಗೆ ಬಿತ್ತು. ಸಾಹೇಬ ಅದನ್ನು ಮೂಸಿ ನೋಡಿ ಬಿಟ್ಟ. ಉಪವಾಸವೆಂದರೆ ಅದು!

ಭಾನುವಾರ ಮಾವ ಬಂದರು. ಕಪ್ಪು ಕನ್ನಡಕ ಹಾಕಿಕೊಂಡು, ಚಪ್ಪಲಿ ಬಿಟ್ಟವರೇ ಟ್ಯಾಂಕಿನ ಮುಂದೆ ಕೂತರು. ನಾನು ಹಿಂದೆ ನಿಂತೆ. ಹರಳು ಕೆಳಗಿದ್ದವು. ಮೀನು ನೆಟ್ಟಗಿತ್ತು. ಮಾನ ಉಳಿಯಿತು ಎಂದುಕೊಂಡೆ.

ಮಾವ ಕನ್ನಡಕ ತೆಗೆದರು. "ಇಳದಾನಲ್ರಿ," ಎಂದರು ಮೆಲ್ಲಗೆ. "ಭಾಳ ಇಳದಾನ."

ಅಡುಗೆಮನೆಯಲ್ಲಿ ಅವ್ವನ ಲಟ್ಟಣಿಗೆ ನಿಂತಿತು. ನಮ್ಮ ಮನೆಗೆ ಬಂದ ಬೀಗರ ಕಡೆಯವರೊಬ್ಬರು ಬಡಕಲಾಗಿ ವಾಪಸು ಹೋಗುತ್ತಿದ್ದಾರೆ! ಅವಳು ಹಿಟ್ಟಿನ ಕೈಯಲ್ಲೇ ಹೊರಬಂದಳು. "ಬೀಗರ, ಶಿವನಾಣಿ, ನಾವು ಉಪಾಸ ಕೆಡವಿಲ್ಲ. ತಟ್ಟಿಗಟ್ಟಲೆ ಹಾಕೀವಿ. ಎಲ್ಲಾ ಇವನ ಕೈಲೇ ಕೊಟ್ಟೀವಿ."

ಮಾವ ತಮ್ಮ ಹೊಸ ಕಣ್ಣನ್ನು ನಿಧಾನವಾಗಿ ನನ್ನ ಕಡೆ ತಿರುಗಿಸಿದರು. ಮುಖ ನೋಡಿದರು. ಹೊಟ್ಟೆಯ ಮೇಲೆ ಸೇಫ್ಟಿ ಪಿನ್ನಿನಿಂದ ಹಿಡಿದಿಟ್ಟ ಪ್ಯಾಂಟನ್ನು ನೋಡಿದರು. ಆಪರೇಷನ್ ಬಹಳ ಚೆನ್ನಾಗಿ ಆಗಿತ್ತು.

"ಡಾಕ್ಟರ ಶಾಣ್ಯಾ ಅದಾನ," ಎಂದರು. "ಈಗ ಎಲ್ಲಾ ಸ್ವಚ್ಛ ಕಾಣಾಕತ್ತದ."

ಸಾಹೇಬ ಅದೇ ಬಕೆಟ್ಟಿನಲ್ಲಿ, ಸ್ಕೂಟರಿನ ಡಿಕ್ಕಿಯಿಂದ ಬಿಡುಗಡೆಯಾದ ಪೊಟ್ಟಣದೊಂದಿಗೆ, ಮಾವನ ಜೊತೆ ಬಾಡಿಗೆ ಕಾರಿನಲ್ಲಿ ಸಂಭಾಜಿನಗರಕ್ಕೆ ಹೊರಟ. ಬೀಳ್ಕೊಟ್ಟು ಒಳಗೆ ಬಂದವನು ಹಾಸಿಗೆಯ ಮೇಲೆ ಉರುಳಿದೆ. ಹೊಟ್ಟೆ ಮೇಲೆ, ಬೆನ್ನು ಕೆಳಗೆ. ಮಗ್ಗುಲಾಗಲು ಪ್ರಯತ್ನಿಸಿದೆ, ಆಗಲಿಲ್ಲ.

ಸುನಂದಾ ಬಾಗಿಲಲ್ಲಿ ನಿಂತು ನೋಡಿ, ದೀಪ ಆರಿಸಿದಳು. "ಅತ್ತಿ, ಇವರಿಗೆ ಒಂದಷ್ಟು ದಿನ ಏನೂ ಹಾಕಬ್ಯಾಡ್ರಿ," ಎಂದು ಕೂಗಿ ಹೇಳಿದಳು.

ಪ್ರತಿಭಟಿಸಬೇಕೆಂದು ಬಾಯಿ ತೆರೆದೆ. ಮುಚ್ಚಿದೆ. ಮತ್ತೆ ತೆರೆದೆ.

ಕತ್ತಲಲ್ಲಿ ಅವ್ವನ ದನಿ ಕೇಳಿಸಿತು. "ನೋಡು, ಬೇಡಾಕತ್ತಾನ ಪಾಪ."