ಕಾಕಾನ ಸೆಟ್ಟಿಂಗ್

ನಮ್ಮ ಕಾಕಾನಂಥ ಬಿಚ್ಚುಮನಸ್ಸಿನ ಮನುಷ್ಯ ಇಡೀ ಬಿಜಾಪುರ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ! ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೂ ತನ್ನ ಸಕ್ಕರೆ ಕಾಯಿಲೆ, ಮೂಲವ್ಯಾಧಿ, ತನ್ನನ್ನು ನೋಡಿ ಬೇಡವೆಂದ ಹೆಣ್ಣುಗಳ ವಿವರ, ಎಲ್ಲವನ್ನೂ ಮುಂದಿನ ಊರು ಬರುವುದರೊಳಗೆ ಹೇಳಿ ಮುಗಿಸುತ್ತಾನೆ. ಆದರೆ ಅವನು ತೆಗೆದ ಫೋಟೋ ಹಿಡಿದು, "ಇದಕ್ಕ ಷಟರ್ ಎಷ್ಟು ಇಟ್ಟಿದ್ರಿ?" ಎಂದು ಕೇಳಿ ನೋಡಿ. ಷಟರ್ ಎಂದರೆ ಕ್ಯಾಮೆರಾದ ಕಣ್ಣು ಎಷ್ಟು ಬೇಗ ಮುಚ್ಚಬೇಕೆಂಬ ಲೆಕ್ಕ, ಅಷ್ಟೇ. ತಲೆಕೆಳಗಾಗಿ ನೇತುಹಾಕಿದರೂ ಕಾಕಾ ಬಾಯಿ ಬಿಡುವುದಿಲ್ಲ.

ಮುದ್ದೇಬಿಹಾಳದಲ್ಲಿ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಡಿಜಿಟಲ್ ಕ್ಯಾಮೆರಾ ನಮ್ಮ ಕಡೆ ಆಗಷ್ಟೇ ಕಾಲಿಟ್ಟ ಕಾಲ. ಅಂಗಡಿಯಲ್ಲಿ ರೈತರ ಮೋಟಾರುಗಳು ಹೊಟ್ಟೆ ಬಿಚ್ಚಿಕೊಂಡು ಕಾಯುತ್ತಿದ್ದರೆ, ಇವನು ತಂಗಡಗಿಯ ಹೊಳೆದಂಡೆಯಲ್ಲಿ ಬೋರಲು ಮಲಗಿ ಬಾತುಗಳಿಗೆ ಕಾಯುತ್ತಿದ್ದ. ಇಂಡಿ, ಸಿಂದಗಿ, ಬಾಗೇವಾಡಿಯಿಂದ ಒಬ್ಬೊಬ್ಬರಂತೆ ಇದೇ ಹುಚ್ಚಿನ ಇನ್ನೂ ಮೂವರು ರವಿವಾರ ಬಂದು ಸೇರುತ್ತಿದ್ದರು. ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ನನ್ನ ಹತ್ತಿರ ಕ್ಯಾಮೆರಾ ಇರಲಿಲ್ಲ, ಬರೀ ಮನರಂಜನೆಗಾಗಿ ಹೋಗುತ್ತಿದ್ದೆ.

ಆ ಗುಂಪಿಗೊಂದು ಪದ್ಧತಿಯಿತ್ತು. ಒಳ್ಳೆಯ ಫೋಟೋ ಸಿಕ್ಕವನು ಚಹಾದ ಹೊತ್ತಿಗೆ ತನ್ನ ಸೆಟ್ಟಿಂಗ್ ಹೇಳಬೇಕು. ಉಳಿದವರು ಅದನ್ನು ತಮ್ಮ ಕ್ಯಾಮೆರಾದಲ್ಲಿ ಸಿ-ಒಂದು, ಸಿ-ಎರಡು, ಸಿ-ಮೂರು ಎಂಬ ಮನೆಗಳಲ್ಲಿ ತುಂಬಿಟ್ಟುಕೊಳ್ಳಬೇಕು. ಮುಂದೆ ಓಡುವ ಪ್ರಾಣಿ ಕಂಡರೆ ಗುಂಡಿ ತಿರುವಿದರೆ ಸಾಕು. ಎಂಥ ಸುಂದರ ವ್ಯವಸ್ಥೆ! ಕಾಕಾ ಎಲ್ಲರದನ್ನೂ ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದ. ತನ್ನ ಸರದಿ ಬಂದಾಗ ಮಾತ್ರ ಅವನಿಗೆ ಒಂದಕ್ಕೆ ಅವಸರವಾಗುತ್ತಿತ್ತು.

ಒಮ್ಮೆ ಯಂಕಂಚಿಯ ಹೊಲದಲ್ಲಿ ಚಿಗರಿ ಜಿಗಿಯುವ ಫೋಟೋ ಅವನಿಗೆ ಸಿಕ್ಕಿತು. ನಾಲ್ಕೂ ಗೊರಸು ನೆಲ ಬಿಟ್ಟು, ಒಂದೊಂದು ಕೂದಲೂ ಎಣಿಸುವ ಹಾಗೆ! ಸಿಂದಗಿಯಲ್ಲಿ ಸ್ಟುಡಿಯೋ ಇಟ್ಟಿದ್ದ ದಸ್ತಗೀರಸಾಬರು ಬಿಡಲಿಲ್ಲ.

"ಸಾವ್ಕಾರ್ರ, ಇವತ್ತರೆ ಖರೇ ಹೇಳ್ರಿ. ಷಟರ್ ಎಷ್ಟು?"

"ಸೆಕೆಂಡಿನ ಮೂವತ್ತನೇ ಪಾಲು."

"ಅಷ್ಟು ನಿಧಾನ ಇಟ್ರ ಓಡೋ ಚಿಗರಿ ಅಲಗಾಡೂದಿಲ್ಲೇನ್ರಿ?"

"ಉಸಿರು ಹಿಡಿಬೇಕ್ರಿ, ಉಸಿರು!"

ಮುಂದಿನ ವಾರ ದಸ್ತಗೀರಸಾಬರು ಮುಖ ಕೆಂಪಾಗುವವರೆಗೆ ಉಸಿರು ಹಿಡಿದು ಹೊಡೆದರು. ಚಿಗರಿಯ ಜಾಗದಲ್ಲಿ ಕಂದು ಬಣ್ಣದ ಹೊಗೆಯೊಂದು ಹೊಲ ದಾಟುತ್ತಿತ್ತು. ಕಾಕಾ ಕನ್ನಡಕ ಏರಿಸಿ ನೋಡಿ, "ಛಲೋ ಬಂದೈತಿ. ಕೈ ಇನ್ನೊಂದೀಟು ಪಳಗಬೇಕು" ಎಂದು ಬೆನ್ನು ತಟ್ಟಿದ. ಇಂಥ ಗುರು ಯಾರಿಗುಂಟು?

ಈ ಮಹಾನುಭಾವನ ಸೊಕ್ಕು ಇಳಿದದ್ದು ಅಡುಗೆಮನೆಯಲ್ಲಿ.

ಕಾಕಾನ ಹೆಂಡತಿ, ನಮ್ಮ ಚಿಗವ್ವನ ಎರಡೂ ಕೈ ನಡುಗಲು ಶುರುವಾಗಿ ವರ್ಷವಾಗಿತ್ತು. ಬಿಜಾಪುರದ ಡಾಕ್ಟರು ಗುಳಿಗೆ ಕೊಟ್ಟು, ಇದು ಹೋಗುವಂಥದ್ದಲ್ಲ, ಹೆಚ್ಚುವಂಥದ್ದು ಎಂದು ನೇರವಾಗಿ ಹೇಳಿದ್ದರು. ಆಕೆ ಹಟ ಹಿಡಿದು ಇನ್ನೂ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಅದು ನಿಲ್ಲುವ ಮೊದಲು, ಆ ಕೈಗಳು ಸ್ಪಷ್ಟವಾಗಿ ಕಾಣುವ ಒಂದು ಫೋಟೋ ತನಗೆ ಬೇಕೇ ಬೇಕು ಎಂದು ಕಾಕಾ ಪಟ್ಟು ಹಿಡಿದ. ಅಡುಗೆಮನೆಯೋ ಒಂದೇ ಕಿಟಕಿಯ ಕತ್ತಲು ಕೋಣೆ. ಚಿಗರಿಯ ಸೆಟ್ಟಿಂಗ್ ಇಟ್ಟರೆ ಫೋಟೋ ಕರ್ರಗೆ. ನಿಧಾನ ಮಾಡಿದರೆ ಕೈಗಳೇ ಮಾಯ. ಫ್ಲ್ಯಾಶ್ ಹೊಡೆದರೆ ಚಿಗವ್ವ ಬೆಚ್ಚಿ, ರೊಟ್ಟಿ ಹರಿದು, ಕಾಕಾನಿಗೆ ಅವತ್ತು ಊಟವೇ ಇಲ್ಲ! ಹೀಗೆ ಮುನ್ನೂರು ಫೋಟೋ ಆದವು.

"ಚಿಗರಿ ಮೈಮ್ಯಾಲಿನ ಕೂದಲಾ ಎಣಿಸ್ತೀರಿ" ಎಂದಳು ಚಿಗವ್ವ. "ನನ್ನ ಕೈಗೆ ಬೆರಳು ಎಷ್ಟ ಅದಾವ, ಇದರಾಗ ನೋಡಿ ಹೇಳ್ರಿ ನೋಡೂಣು."

ಅವಳು ನಕ್ಕೇ ಹೇಳಿದ್ದಳು. ಕಾಕಾ ನಗಲಿಲ್ಲ. ಮರುದಿನ ನನ್ನನ್ನೂ ಎಳೆದುಕೊಂಡು ಸಿಂದಗಿ ಬಸ್ಸು ಹತ್ತಿದ. ಆ ಹೊಗೆಯ ಫೋಟೋ ಆದಮೇಲೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಗಳ ಫೋಟೋ ತೆಗೆದು ತೆಗೆದು, ಮಂದ ಬೆಳಕಿನಲ್ಲಿ ಓಡುವವರನ್ನು ನಿಲ್ಲಿಸುವ ಕಲೆ ಗೊತ್ತಿದ್ದವರು ದಸ್ತಗೀರಸಾಬರೊಬ್ಬರೇ. ದಾರಿಯುದ್ದಕ್ಕೂ ಕಾಕಾ ಪಕ್ಕದವನಿಗೆ ಮೂಲವ್ಯಾಧಿಯ ಸುದ್ದಿಯನ್ನೂ ಹೇಳಲಿಲ್ಲ. ಪರಿಸ್ಥಿತಿ ಎಷ್ಟು ಗಂಭೀರ ಎಂದು ನೀವೇ ಊಹಿಸಿ!

"ಒಂದು ಸೆಟ್ಟಿಂಗ್ ಬೇಕಾಗಿತ್ರಿ" ಎಂದ, ಸ್ಟುಡಿಯೋದ ನೆಲ ನೋಡುತ್ತ.

ದಸ್ತಗೀರಸಾಬರು ಈ ಗಳಿಗೆಗೆ ಎಷ್ಟು ದಿನದಿಂದ ಕಾದಿದ್ದರೋ! "ಸೆಕೆಂಡಿನ ಮೂವತ್ತನೇ ಪಾಲು ಇಡ್ರಿ" ಎಂದರು. "ಉಸಿರು ಮಾತ್ರ ಹಿಡಿಬೇಕ್ರಿ."

ನಾನು ಕಿಸಕ್ಕನೆ ನಕ್ಕುಬಿಟ್ಟೆ. ಕಾಕಾ ತಲೆ ಎತ್ತಲಿಲ್ಲ.

"ಏನು ತೆಗಿಯಾಕ್ರಿ?" ಎಂದರು ಅವರು, ಈಗ ಮೆತ್ತಗೆ.

"ನಮ್ಮಾಕಿ ಕೈ."

ಕಾಕಾ ಎಲ್ಲ ಹೇಳಿದ. ದಸ್ತಗೀರಸಾಬರು ಕಪಾಟಿನಿಂದ, ಕಡಿಮೆ ಬೆಳಕಿನಲ್ಲೂ ಕೆಲಸ ಮಾಡುವ ತಮ್ಮ ಪುಟ್ಟ ಲೆನ್ಸ್ ತೆಗೆದು ಜೇಬಿಗಿಳಿಸಿ, ಸ್ಟುಡಿಯೋಕ್ಕೆ ಕೀಲಿ ಹಾಕಿ, ನಮ್ಮ ಜೊತೆಗೇ ಬಸ್ಸು ಹತ್ತಿದರು. ತಾಳಿಕೋಟಿ ಹತ್ತಿರ ಬಂದಾಗ ಕಾಕಾ ಗಂಟಲು ಸರಿ ಮಾಡಿಕೊಂಡ.

"ಆ ಚಿಗರಿಗೆ ನಾ ಖರೇ ಇಟ್ಟಿದ್ದು ಎರಡು ಸಾವಿರನೇ ಪಾಲು."

"ಗೊತ್ತೈತ್ರಿ. ನನ್ನ ಫೋಟೋ ಹೊಗಿ ಆದ ದಿನಾನ, ನೀವು ಒಂದಕ್ಕ ಹ್ವಾದಾಗ, ನಿಮ್ಮ ಕ್ಯಾಮೆರಾದಾಗ ಚಿಗರಿ ಫೋಟೋ ತಗದು ನೋಡಿದ್ನಿ. ಷಟರ್ ಎಷ್ಟಂತ ಅದರ ಜೋಡೀನ ಬರದಿರ್ತೈತಿ."

ಮನೆ ಮುಟ್ಟಿದ ಮೇಲೆ ದಸ್ತಗೀರಸಾಬರು ಕಾಕಾನ ಕ್ಯಾಮೆರಾಕ್ಕೆ ತಮ್ಮ ಲೆನ್ಸ್ ಹಾಕಿ, ಸಿ-ಮೂರರಲ್ಲಿ ಕಬಡ್ಡಿಯ ಸೆಟ್ಟಿಂಗ್ ತುಂಬಿದರು. "ಫೋಟೋ ತುಂಬ ರವಾದಂಗ ಕಾಳು ಕಾಳು ಬರ್ತಾವ್ರಿ. ಬರ್ಲಿ ಬಿಡ್ರಿ." ಒಂದು ಚುಕ್ಕೆ ಕಂಡರೂ ಫೋಟೋ ಅಳಿಸಿಹಾಕುವ ಕಾಕಾ ಸುಮ್ಮನೆ ತಲೆಯಾಡಿಸಿದ. ಒಲೆಯೆದುರು ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ಅವನು ನೆಲಕ್ಕೆ ಕೂತು ಒತ್ತಿದ.

ಕಾಳು ಕಾಳಾಗಿಯೇ ಬಂತು. ಆದರೆ ರೊಟ್ಟಿಯ ಮೇಲೆ ಎರಡು ಕೈ, ಹತ್ತು ಬೆರಳು, ಹಿಟ್ಟು ಮೆತ್ತಿದ ಉಗುರು, ಹಸಿರು ಬಳೆ, ಎಲ್ಲವೂ ಅಲುಗಾಡದೆ ನಿಂತಿದ್ದವು. ಇಷ್ಟು ವರ್ಷ ಕಾಕಾನನ್ನು ಆಡಿಕೊಂಡು ನಕ್ಕ ನಾನೇ ಆ ಬೆರಳುಗಳನ್ನು ಒಂದೊಂದಾಗಿ ಎಣಿಸಿದೆ.

ಚಿಗವ್ವ ಕೈ ಒರೆಸಿಕೊಂಡು ಕ್ಯಾಮೆರಾ ಇಸಿದುಕೊಂಡಳು. ಅದು ಅವಳ ಕೈಯಲ್ಲಿ ಎಷ್ಟು ನಡುಗಿತೆಂದರೆ, ಪರದೆಯ ಮೇಲೆ ಏನಿದೆ ಎಂಬುದೇ ಅವಳಿಗೆ ಕಾಣಲಿಲ್ಲ. ಕಾಕಾ ಅವಳ ಕೈಗಳ ಕೆಳಗೆ ತನ್ನ ಎರಡೂ ಕೈ ಕೊಟ್ಟ.

"ಈಗ ನೋಡು" ಎಂದ. "ಅವಸರ ಏನಿಲ್ಲ. ನಾ ಹಿಡ್ದೇನಿ."